ನಾಯಕಿಗಾಗಿ ನಾನು ಏರಿದ ಕುದುರೆ

ಕುದುರೆ ಪಂದ್ಯದ ಬಗ್ಗೆ ಕಾದಂಬರಿ ಬರೆಯಲು ಕುದುರೆ ಹತ್ತಿರಲೇಬೇಕೆಂದು ನನಗೆ ಅನ್ನಿಸಿರಲಿಲ್ಲ. ಕಾಲೇಜು ಹುಡುಗಿಯರು ಓದುವಂಥ ಪ್ರೇಮಕಥೆ. ನಾಯಕಿ ಅನನ್ಯಾ, ಪಂದ್ಯದ ಕುದುರೆ ಓಡಿಸುವ ಜಾಕಿ. ನಾಯಕ, ಲಾಯದಲ್ಲಿ ಕುದುರೆಗಳ ಮೈ ಉಜ್ಜುವ ಹುಡುಗ. ಕೊನೆಯ ಅಧ್ಯಾಯದಲ್ಲಿ ಅವಳು ಪಂದ್ಯವನ್ನೂ ಗೆಲ್ಲುತ್ತಾಳೆ, ಅವನನ್ನೂ ಗೆಲ್ಲುತ್ತಾಳೆ. ತಿಪಟೂರಿನ ನಮ್ಮ ಮನೆಯ ಅಡುಗೆಕಟ್ಟೆಯ ಪಕ್ಕದಲ್ಲಿ ಕೂತು ಇಡೀ ರೇಸ್ ಕೋರ್ಸನ್ನು ಕಟ್ಟಿ ಮುಗಿಸಿದ್ದೆ. ಪುಸ್ತಕ ಬರುತ್ತಿದೆ ಎಂದು ನೆಂಟರಿಗೆಲ್ಲ ಹೇಳಿಯೂ ಆಗಿತ್ತು.

ಆಗ ಪ್ರಕಾಶಕರ ಕಡೆಯಿಂದ ಸಂಪಾದಕಿ ಫೋನ್ ಮಾಡಿದಳು. ನನ್ನ ಅರ್ಧ ವಯಸ್ಸಿನ ಹುಡುಗಿ.

"ಮೇಡಂ, ಪ್ರೀತಿ ಪರವಾಗಿಲ್ಲ. ಕುದುರೆ ಮಾತ್ರ ಬಸ್ಸಿನ ಹಾಗೆ ಓಡ್ತಿದೆ."

ಅವಳು ಹೇಳಿದ್ದು ಸುಳ್ಳಲ್ಲ. ನನಗೆ ಗೊತ್ತಿದ್ದ ವೇಗವೆಂದರೆ ಚಿಕ್ಕನಾಯಕನಹಳ್ಳಿಗೆ ಹೋಗುವ ಪ್ರೈವೇಟ್ ಬಸ್ಸಿನದು. ಹೀಗಾಗಿ ನನ್ನ ಕುದುರೆ ತಿರುವಿನಲ್ಲಿ ಒಂದು ಕಡೆ ವಾಲುತ್ತಿತ್ತು. ನಿಂತಾಗಲೆಲ್ಲ ನಾಯಕಿಯ ಹಣೆ ಮುಂದಕ್ಕೆ ಬಡಿಯುತ್ತಿತ್ತು.

"ಒಂದ್ಸಲ ಕುದುರೆ ಹತ್ತಿ ನೋಡಿ, ಆ ಅಧ್ಯಾಯ ಹೊಸದಾಗಿ ಬರೆದು ಕಳಿಸಿ. ಇಲ್ಲಾಂದ್ರೆ ಈ ಪುಸ್ತಕ ಮಾಡೋದು ಕಷ್ಟ."

ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ನೆನೆಹಾಕಿದೆ. ಮೋಟಾರ್ ರಿಪೇರಿ ಅಂಗಡಿಯಿಂದ ಊಟಕ್ಕೆ ಬಂದ ನಮ್ಮ ಯಜಮಾನರು ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದರು.

"ಸಾರಿಗೆ ಎಷ್ಟು ಸಲ ಉಪ್ಪು ಹಾಕಿದ್ದೀಯೆ?"

"ರೀ, ನನಗೊಂದು ಕುದುರೆ ಬೇಕು."

"ಅಷ್ಟೇ ತಾನೆ? ನಾಳೆ ಹುಳಿಯಾರು ಕಡೆಯೋರು ನಮ್ಮಣ್ಣನ ತೋಟಕ್ಕೆ ಕುರಿಮಂದೆ ತತ್ತಾವ್ರೆ. ಅವರತ್ರ ಕುದುರೆ ಐತೆ. ಹತ್ತಿ ಇಳಿದುಬುಡು. ನಂಗೆ ಊಟ ಸರಿಹೋಗ್ಲಿ."

ನಮ್ಮ ಕಡೆ ತೆಂಗಿನ ತೋಟಕ್ಕೆ ಗೊಬ್ಬರವಾಗಲೆಂದು ರಾತ್ರಿ ಕುರಿಮಂದೆ ತಂಗಿಸುತ್ತಾರೆ. ಕುರಿಯವರು ತೋಟದಿಂದ ತೋಟಕ್ಕೆ ಹೋಗುವಾಗ ಕಂಬಳಿ, ಪಾತ್ರೆ, ಎಳೆ ಮರಿಗಳನ್ನೆಲ್ಲ ಕುದುರೆಯ ಮೇಲೆ ಹೇರುತ್ತಾರೆ. ಮುಂದೆ ಕುದುರೆ, ಹಿಂದೆ ಮಂದೆ. ಇದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ಇದರ ಅರ್ಥವೇನೆಂದು ಮಾತ್ರ ಯೋಚಿಸಿರಲಿಲ್ಲ.

ಮರುದಿನ ಇಳಿಹೊತ್ತು ಭಾವನ ತೋಟಕ್ಕೆ ಹೋಗುವ ದಾರಿಯಲ್ಲಿ ಮಂದೆ ಮೇಯುತ್ತಾ ನಿಂತಿತ್ತು. ಕುರಿಯ ಕರಿಯಣ್ಣ ಬೀಡಿ ಹಚ್ಚುತ್ತಿದ್ದ. ಪಕ್ಕದಲ್ಲಿ ಅವನ ಕುದುರೆ ಬೆಳ್ಳಿ, ಬೆನ್ನ ಮೇಲೆ ಕಂಬಳಿಯ ದೊಡ್ಡ ಗಂಟು.

"ಇದು ಜೋರಾಗಿ ಓಡ್ತದಾ?" ಎಂದೆ.

"ಯಾಕಕ್ಕ ಓಡ್ಬೇಕು? ಅದು ಓಡಿದ್ರೆ ಕುರಿ ಗತಿಯೇನು?" ಎಂದ. ಯಜಮಾನರು ಪುಸ್ತಕದ ವಿಷಯ ಹೇಳಿದ ಮೇಲೆ, "ಬುಕ್ಕಲ್ಲಿ ಇವಳ ಹೆಸರು ಬತ್ತದಾ?" ಎಂದು ಕೇಳಿದ.

"ಬರುತ್ತೆ."

"ಹಂಗಾದ್ರೆ ಹತ್ತಿ."

ಯಜಮಾನರು ಒಂದು ಕಡೆಯಿಂದ, ಕರಿಯಣ್ಣ ಇನ್ನೊಂದು ಕಡೆಯಿಂದ ಎತ್ತಿ ನನ್ನನ್ನು ಗಂಟಿನ ಮೇಲೆ ಸ್ಥಾಪಿಸಿದರು. ಮುಂದಿನದರಲ್ಲಿ ನಾನು ಕಣ್ಣು ಬಿಟ್ಟಿದ್ದಾಗ ಕಂಡದ್ದನ್ನು ಮಾತ್ರ ನನ್ನ ಹೊಣೆಯ ಮೇಲೆ ಹೇಳುತ್ತೇನೆ. ಉಳಿದದ್ದು ಸ್ಕೂಟರಿನಲ್ಲಿ ಹಿಂದೆ ಬಂದ ಯಜಮಾನರ ಹೇಳಿಕೆ.

ನನ್ನ ನಾಯಕಿ ಪಂದ್ಯಕ್ಕೆ ಮುಂಚೆ ಬಗ್ಗಿ ಕುದುರೆಯ ಕಿವಿಯಲ್ಲಿ ಪಿಸುಗುಡುತ್ತಾಳೆ. ನಾನೂ ಬಗ್ಗಿ, "ನಡಿ ನನ್ನ ರಾಣಿ" ಎಂದೆ. ಬೆಳ್ಳಿ ಕಿವಿ ಒದರಿದಳು. ಕನ್ನಡಕ ಹಾರಿಹೋಯಿತು. ನಾಯಕಿ ಹಿಮ್ಮಡಿಯಿಂದ ತಟ್ಟುತ್ತಾಳೆ. ನಾನೂ ತಟ್ಟಿದೆ. ಬೆಳ್ಳಿ ಹೊರಟಳು.

ಓಡಲಿಲ್ಲ. ಚುರುಕಾಗಿ ನಡೆದಳು, ಅಷ್ಟೇ. ಅಷ್ಟಕ್ಕೇ ನನ್ನ ಒಳಗಿನ ಅಂಗಗಳೆಲ್ಲ ಜಾಗ ಬದಲಿಸಿಕೊಂಡವು. ಹಿಂದಿನಿಂದ ಮಳೆ ಬಂದಂಥ ಸದ್ದು ಕೇಳಿ ತಿರುಗಿದೆ. ಇಡೀ ಮಂದೆ ಮೇವು ಬಿಟ್ಟು ನನ್ನ ಹಿಂದೆ ಬರುತ್ತಿತ್ತು. ಅದರ ಹಿಂದೆ ಎಲ್ಲೋ ಕರಿಯಣ್ಣನ ಕೂಗು. ನನ್ನ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಓಟದಲ್ಲಿ ಮುಂದಿದ್ದೆ.

"ಕೈ ಬುಡಬೇಡ ಕಣೇ," ಎಂದು ಯಜಮಾನರು ಹಾರ್ನ್ ಒತ್ತಿದರು. ಕುರಿಗಳು ಇನ್ನಷ್ಟು ಬಿರುಸಾದವು.

ಎಡಗಡೆ ಭಾವನ ತೋಟ. ಗೇಟು ತೆರೆದು ಕಾಯುತ್ತಿದ್ದರು. ಬಲಗಡೆ ಚಂದ್ರೇಗೌಡರ ತೋಟ. ಇಬ್ಬರೂ ಬೇಲಿಯ ಜಗಳವಾಗಿ ಮಾತು ಬಿಟ್ಟಿದ್ದರು. ನಾನು ಹಗ್ಗವನ್ನು ಎಡಕ್ಕೆ ಎಳೆದೆ. ಬೆಳ್ಳಿ ಬಲಕ್ಕೆ ತಿರುಗಿದಳು.

"ಈ ಕಡೆ ಕಣಮ್ಮ, ಈ ಕಡೆ," ಎಂದರು ಭಾವ.

"ಭಾವ, ಅದನ್ನ ಇದಕ್ಕೆ ಹೇಳಿ."

ಹೋದ ವರ್ಷ ಮಂದೆ ನಿಂತಿದ್ದು ಚಂದ್ರೇಗೌಡರ ತೋಟದಲ್ಲಂತೆ. ಬೆಳ್ಳಿ ಸೀದಾ ಹೋಗಿ, ಆಗ ಹೊರೆ ಇಳಿಸಿದ್ದ ಮರದ ಕೆಳಗೆ ನಿಂತು, ಈಗಲೂ ಇಳಿಸಲಿ ಎಂದು ಮೈ ಒಂದು ಪಕ್ಕಕ್ಕೆ ಬಾಗಿಸಿದಳು. ಗಂಟು ಜಾರಿತು. ಗಂಟಿನ ಜೊತೆ ನಾನು. ಕೆಳಗೆ ತೆಂಗಿನ ಮಟ್ಟೆಯ ರಾಶಿ. ಕಣ್ಣು ಬಿಟ್ಟಾಗ ಸುತ್ತಲೂ ಕುರಿಗಳು ಮಲಗಿ ಮೆಲುಕು ಹಾಕುತ್ತಿದ್ದವು. ಒಂದು ನನ್ನ ಸೆರಗನ್ನು ಪರಿಶೀಲಿಸುತ್ತಿತ್ತು.

ಕರಿಯಣ್ಣ ಏದುಸಿರು ಬಿಡುತ್ತಾ ಬಂದ. "ಹೊರೆ ಇಳಿದೋಯ್ತಲ್ಲಕ್ಕ."

"ಹೊರೆಯಲ್ಲಪ್ಪ, ಬಿದ್ದಿದ್ದು ನಾನು."

"ಅದು ಅವಕ್ಕೇನು ಗೊತ್ತು? ಹೊರೆ ಇಳಿದ ಕಡೆ ಇವತ್ತಿನ ಮಂದೆ. ಈಗ ಎಬ್ಬಿಸಿದ್ರೆ ದಿಕ್ಕಾಪಾಲಾಯ್ತವೆ."

ಚಂದ್ರೇಗೌಡರು ಹೊರಗೆ ಬಂದರು. ಅಂಥ ಸಂತೋಷವನ್ನು ನಾನು ಕಾದಂಬರಿಯಲ್ಲೂ ಬರೆದಿರಲಿಲ್ಲ. "ಬಾರಮ್ಮ, ಕಾಫಿ ಕುಡಿ. ಸ್ವಂತ ತಮ್ಮನ ಹೆಂಡ್ತೀನೇ ನಮ್ಮ ತೋಟಕ್ಕೆ ಮಂದೆ ತಂದು ನಿಲ್ಸಿದ್ಲು ಅಂತ ನಿಮ್ಮ ಭಾವನಿಗೆ ಹೇಳ್ಬುಡು."

"ಕೇಳಿಸ್ತು," ಎಂದರು ಬೇಲಿಯಾಚೆಯಿಂದ ಭಾವ. ಮಾತು ಬಿಟ್ಟ ಮೇಲೆ ಅವರಿಬ್ಬರ ನಡುವೆ ನಡೆದ ಮೊದಲ ಸಂಭಾಷಣೆ ಅದು.

ಕೂರಲಾಗದ್ದರಿಂದ ಕೊನೆಯ ಅಧ್ಯಾಯವನ್ನು ಅಡುಗೆಕಟ್ಟೆಯ ಮುಂದೆ ನಿಂತುಕೊಂಡೇ ಮತ್ತೆ ಬರೆದೆ. ಕುದುರೆಯ ಬೆವರಿನ ವಾಸನೆ, ತೊಡೆಯ ನಡುಕ, ಹಗ್ಗ ಎಳೆದ ಕಡೆಗೆ ತಿರುಗದ ಕತ್ತು, ಒಂದನ್ನೂ ಮುಚ್ಚಿಡಲಿಲ್ಲ. ಕಳಿಸಿದ ಮೇಲೆ ಫೋನ್ ನೋಡುವುದೇ ಕೆಲಸವಾಯಿತು. ಕೊನೆಗೆ ಫೋನ್ ಬಂದಾಗ ನಾನು ಬೋರಲು ಮಲಗಿದ್ದೆ. ಯಜಮಾನರು ಬಿಸಿ ಉಪ್ಪಿನ ಗಂಟಿನಿಂದ ಸೊಂಟಕ್ಕೆ ಶಾಖ ಕೊಡುತ್ತಿದ್ದರು. ಸ್ಪೀಕರಿಗೆ ಹಾಕಿದರು.

"ಮೇಡಂ, ಈಗ ಕುದುರೆಗೆ ಜೀವ ಬಂದಿದೆ. ಪುಸ್ತಕ ಮಾಡ್ತೀವಿ."

ಏಳಲು ಹೋಗಿ ಹಾಗೇ ಮಲಗಿದೆ.

"ಒಂದೇ ತಿದ್ದುಪಡಿ. ಹಳೇ ನಾಯಕಿಯನ್ನೇ ವಾಪಸ್ ತನ್ನಿ. ಈ ಹೊಸಬಳು ಶುರುವಿನಿಂದ ಕೊನೆವರೆಗೂ ಕಣ್ಣು ಮುಚ್ಚಿ ಕಿರುಚ್ತಾಳೆ. ಇಂಥವಳನ್ನ ಒಬ್ಬ ಪ್ರೀತಿಸ್ತಾನೆ ಅಂದ್ರೆ ಯಾರು ನಂಬ್ತಾರೆ?"

ನಾನು ಕತ್ತು ಹೊರಳಿಸಿ ಯಜಮಾನರ ಮುಖ ನೋಡಿದೆ. ಅವರು ಉಪ್ಪಿನ ಗಂಟನ್ನು ಮುಟ್ಟಿ ಬಿಸಿ ನೋಡಿದರು.

"ಹುಡುಗಿ ಸರಿಯಾಗೇ ಹೇಳ್ತಾವ್ಳೆ ಕಣೇ," ಎಂದರು. "ಆ ಕಡೆ ತಿರುಗು. ಎಡಗಡೆ ಇನ್ನೂ ಬಾಕಿ ಐತೆ."