ಎರಡು ಗುಂಟೆಯ ಪರಿಹಾರ

ನರಸಪ್ಪನಿಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ. ಕೋಳಿ ಕೂಗಿದರೆ ನಿದ್ದೆ ಕೆಡಿಸಿತೆಂದು ಬೈಯುತ್ತಿದ್ದ, ಕೂಗದಿದ್ದರೆ ತಿಂದ ಕಾಳು ದಂಡವೆಂದು ಬೈಯುತ್ತಿದ್ದ. ಅಂಥವನಿಗೆ ಎಪ್ಪತ್ತೆಂಟನೇ ಇಸವಿಯ ಒಂದು ಬೆಳಿಗ್ಗೆ ನಿಜವಾದ ಕಾರಣವೇ ಸಿಕ್ಕಿಬಿಟ್ಟಿತು. ಎಂಟು ಜನ ಆಳುಗಳು ಹಗ್ಗ ಕಟ್ಟಿ, ಕೂಗು ಹಾಕುತ್ತಾ, ಒಂದು ಸಿಮೆಂಟ್ ಕಂಬವನ್ನು ಅವನ ಕಡ್ಲೆಕಾಯಿ ಹೊಲದ ನಟ್ಟನಡುವೆ ದರದರನೆ ಎಳೆದುಕೊಂಡು ಹೋಗುತ್ತಿದ್ದರು.

ಮಿಡಿಗೇಶಿ ಬೆಟ್ಟದ ಬುಡದಲ್ಲಿ ಅರ್ಧ ಎಕರೆ ಹೊಲ. ಆ ವರ್ಷ ಮಳೆ ಹದವಾಗಿ ಬಿದ್ದು, ಹೂವು ಮುಗಿದು ಗಿಡ ಕಾಯಿ ಕಚ್ಚುತ್ತಿತ್ತು. ಈ ಬೆಳೆ ಮಾರಿ ಮನೆಗೊಂದು ಬಲ್ಬು ಹಾಕಿಸಿಯೇ ತೀರುತ್ತೇನೆಂದು ನರಸಪ್ಪ ಹೆಂಡತಿ ನಾಗಕ್ಕನಿಗೆ ಮಾತು ಕೊಟ್ಟಿದ್ದ. ಕರೆಂಟಿನ ತಂತಿ ಅವನ ಹೊಲದ ಮೇಲೆ ಹಾದು ಹೋಗಿ ಹತ್ತು ವರ್ಷವಾಗಿತ್ತು. ಆದರೆ ಅದು ಹೋಗುತ್ತಿದ್ದುದು ಆಚೆ ತೋಟದ ಜಯರಾಮಯ್ಯನ ಪಂಪ್‌ಸೆಟ್ಟಿಗೆ. ನರಸಪ್ಪನ ಬೀದಿಯವರು ಲೈನು ಬೇಕೆಂದು ಅರ್ಜಿ ಹಾಕಿ ನಾಲ್ಕು ವರ್ಷ ಕಳೆದಿತ್ತು, ಮನೆಯಲ್ಲಿ ಇನ್ನೂ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು.

"ಲೇಯ್, ನಿಲ್ಸ್ರಲಾ!" ನರಸಪ್ಪ ಬದುವಿನಿಂದಲೇ ಕೂಗಿಕೊಂಡ. "ಯಾವನಪ್ಪನ ಹೊಲ ಅಂತ ನುಗ್ಗಿದ್ದೀರಿ? ಕರೆಂಟು ಅವನ ಬಾವಿಗೆ, ಕಂಬ ನನ್ನ ಎದೆ ಮೇಲಾ?"

ಖಾಕಿ ಅಂಗಿಯ ಲೈನ್‌ಮನ್ ನಾಗಲಿಂಗಯ್ಯ ಮುಂದೆ ಬಂದ. ಸಾಧು ಮನುಷ್ಯ. ಹೊಲದ ನಡುವಿನ ಹಳೇ ಕಂಬ ವಾಲಿಕೊಂಡಿದೆಯೆಂದೂ, ಗಾಡಿ ದಾರಿ ಬದುವಿಗೇ ಮುಗಿಯುತ್ತದೆಂದೂ, ಬೇರೆ ದಾರಿ ಇಲ್ಲವೆಂದೂ ಹೇಳಲು ನೋಡಿದ. ನರಸಪ್ಪ ಅವನಿಗೆ, ಅವನ ಅಂಗಿಗೆ, ಅವನಿಗೆ ಕೆಲಸ ಕೊಟ್ಟವನಿಗೆ, ಕರೆಂಟು ಕಂಡುಹಿಡಿದವನಿಗೆ, ಎಲ್ಲರಿಗೂ ಒಟ್ಟಿಗೇ ಬೈದ. ಆ ಬೆಳಿಗ್ಗೆ ಅವನು ಆಡಿದ್ದರಲ್ಲಿ ಒಂದು ಮಾತೂ ಅನ್ಯಾಯದ್ದಲ್ಲ. ಬೆಳೆದ ಬೆಳೆಯನ್ನು ಹೇಳದೆ ಕೇಳದೆ ಉಜ್ಜಿಹಾಕಿದರೆ ದೇವರಿಗೂ ಸಿಟ್ಟು ಬರುತ್ತದೆ.

"ಬೈಬ್ಯಾಡ ಕಣಪ್ಪ," ಎಂದ ನಾಗಲಿಂಗಯ್ಯ ಬೆವರು ಒರೆಸಿಕೊಂಡು. "ಹಾಳಾಗಿರಾದಕ್ಕೆ ಪರಿಹಾರ ಕೊಡ್ತಾರೆ. ಇಂಜಿನಿಯರ್ ಸಾಹೇಬ್ರು ಮೂರು ಗಂಟೆಗೆ ಜೀಪ್ನಾಗೆ ಬತ್ತಾರೆ. ಬೆಳೆ ಎಷ್ಟು ಹಾಳಾಗೈತೋ ನೋಡಿ, ಅಷ್ಟುಕ್ಕೂ ಬರ್ಕೊಂತಾರೆ."

ಅಷ್ಟು ಹೇಳಿ ಕಂಬ ನಿಲ್ಲಿಸಿ ಹೊರಟುಹೋದ. ನರಸಪ್ಪ ಬೈಯಲು ಯಾರೂ ಇಲ್ಲದೆ, ಮುರಿದ ಗಿಡಗಳ ನಡುವೆ ಬುಸುಗುಡುತ್ತಾ ನಿಂತ.

ಊರಲ್ಲಿ ಒಬ್ಬನಿಗೆ ಪರಿಹಾರ ಬರುತ್ತದೆಂದರೆ ಇನ್ನೊಬ್ಬನಿಗೆ ಸುಮ್ಮನಿರಲು ಆದೀತೇ? ಪಕ್ಕದ ಹೊಲದ ಹುಚ್ಚಣ್ಣ ಟವೆಲ್ ಕೊಡವಿಕೊಂಡು ಬಂದೇಬಿಟ್ಟ. ಒಮ್ಮೆ ಮಧುಗಿರಿ ಕೋರ್ಟಿನಲ್ಲಿ ಬದುವಿನ ವ್ಯಾಜ್ಯ ಗೆದ್ದಿದ್ದ ಹುಚ್ಚಣ್ಣ ಅಂದಿನಿಂದ ಅರ್ಧ ಲಾಯರಾಗಿದ್ದ. ಕಂಬ ಎಳೆದ ಜಾಡನ್ನು ಹೆಜ್ಜೆ ಹಾಕಿ ಅಳೆದ. ಜಾಡು ಅವನ ಹುರುಳಿ ಹೊಲದ ಮೂಲೆಯನ್ನೂ ಹತ್ತು ಮಾರು ಸವರಿಕೊಂಡು ಹೋಗಿತ್ತು. ಅದರ ಬಗ್ಗೆ ಮಾತ್ರ ಅವನು ಏನೂ ಅನ್ನಲಿಲ್ಲ.

"ಎರಡು ಗುಂಟೆ," ಎಂದ ಹುಚ್ಚಣ್ಣ. "ಎರಡು ಗುಂಟೆಗೆ ಏನ್ಲಾ ಕೊಡ್ತಾರೆ? ಮಧುಗಿರಿಗೆ ಹೋಗಿಬರೋ ಬಸ್ ಚಾರ್ಜು."

"ಏನು, ನನ್ನ ಹೊಲ ತುಳಿದು ಬಸ್ ಚಾರ್ಜು ಕೊಡ್ತಾನಾ ಅವನು?"

"ಅದುಕ್ಕೇ ಹೇಳಾದು. ಇಂಜಿನಿಯರು ಹೊಸಬ. ಬೆಂಗಳೂರಿಂದ ಬಂದವ್ನಂತೆ, ಕರೀ ಕನ್ನಡಕ ಹಾಕ್ತಾನಂತೆ. ಕಡ್ಲೆಕಾಯಿ ಗಿಡದ ಮೇಲೆ ಬಿಡ್ತದೋ ಮಣ್ಣಾಗೆ ಬಿಡ್ತದೋ ಅವನಿಗೇನು ಗೊತ್ತು? ಕಣ್ಣಿಗೆ ಅರ್ಧ ಎಕರೆ ಹಾಳಾದಂಗೆ ಕಂಡ್ರೆ ಅರ್ಧ ಎಕರೆಗೆ ಬರೀತಾನೆ. ಕಾಯಿ ಕೀಳೋ ಕೂಲಿ ಉಳೀತು, ಮಂಡಿಯವನ ಕೈಕಾಲು ಹಿಡಿಯಾದು ತಪ್ಪಿತು. ಬಲ್ಬು ಒಂದಲ್ಲ, ಎರಡು ಹಾಕ್ಸು!"

ನರಸಪ್ಪನ ತಲೆ ತಣ್ಣಗಿದ್ದಿದ್ದರೆ ಬೆಳೆದು ನಿಂತ ಬೆಳೆಯನ್ನು ತಾನೇ ಹಾಳುಮಾಡುವ ಮಾತಿಗೆ ಹುಚ್ಚಣ್ಣನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಆದರೆ ಬಸ್ ಚಾರ್ಜು ಎಂಬ ಮಾತು ಅವನ ಎದೆಗೆ ನಾಟಿತ್ತು. ಬೆಳೆ ಹೋದರೂ ಸರಿ, ಆ ಆಫೀಸಿನವರ ಕೈಯಿಂದ ಕಕ್ಕಿಸಬೇಕು ಎನಿಸಿಬಿಟ್ಟಿತು.

ಮೊದಲು ತಾನೇ ತುಳಿದ. ಒಂದು ಸಾಲು ತುಳಿಯುವಷ್ಟರಲ್ಲಿ ಕಾಲು ಸೋತಿತು, ತಿರುಗಿ ನೋಡಿದರೆ ಗಿಡಗಳು ಒಂದೊಂದಾಗಿ ತಲೆಯೆತ್ತುತ್ತಿದ್ದವು. ಗಿಡಗಳಿಗೂ ಬೈದ. ಆಮೇಲೆ ಎತ್ತುಗಳನ್ನು ತಂದು ಜಾಲಿಯ ದಿಮ್ಮಿ ಕಟ್ಟಿ ಎಳೆಸಲು ನೋಡಿದ. ವರ್ಷಪೂರ್ತಿ ಬೆಳೆಗೆ ಬಾಯಿ ಹಾಕಬಾರದೆಂದು ಏಟು ತಿಂದಿದ್ದ ಎತ್ತುಗಳು ಗಿಡದ ಮೇಲೆ ಕಾಲಿಡಲು ಒಪ್ಪದೆ ಬದುವಿನ ಮೇಲೇ ನಿಂತುಬಿಟ್ಟವು.

ಬುತ್ತಿ ತಂದ ನಾಗಕ್ಕ ಇದನ್ನು ಕಂಡು ಬುಟ್ಟಿ ಕೆಳಗಿಟ್ಟಳು. "ಏನು ಬಂತು ನಿಂಗೆ? ಎತ್ತಿಗಿರೋ ಬುದ್ಧಿ ನಿಂಗಿಲ್ವಾ?"

"ನೀನು ಸುಮ್ಕಿರು. ಇದು ಕಾನೂನು. ನಿಂಗೆ ತಿಳಿಯಾಕಿಲ್ಲ."

"ಕಾಯಿ ಕಚ್ಚಿರೋ ಗಿಡ ಕಣೋ! ಅವ್ರು ತುಳಿದಿದ್ದು ಎರಡು ಗುಂಟೆ. ಮಿಕ್ಕಿದ್ದು ಹದಿನೆಂಟು ನಮ್ಮ ಹೊಟ್ಟೇದು."

ನರಸಪ್ಪ ಎತ್ತುಗಳ ಮೂಗುದಾರ ಹಿಡಿದು ಜಗ್ಗತೊಡಗಿದ. ಆ ಹೊತ್ತಿಗೆ ಸರಿಯಾಗಿ ಗಾಡಿ ದಾರಿಯಲ್ಲಿ ಧೂಳೆದ್ದಿತು. ಪಾವಗಡದ ಕಡೆಯ ದಾಸಣ್ಣನ ಕುರಿ ಮಂದೆ ಬೆಟ್ಟದ ಕಡೆಗೆ ಮೇಯಲು ಹೊರಟಿತ್ತು, ಇನ್ನೂರು ಕುರಿ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ದಾಸಣ್ಣ ಈ ಸೀಮೆಯ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಿದ್ದ. ಕುರಿ ಹಿಕ್ಕೆ ಹಾಕಿ ಹೊಲಕ್ಕೆ ಗೊಬ್ಬರವಾದರೆ, ಹೊಲದವರು ರಾತ್ರಿಗೆ ಒಂದು ಕೊಳಗ ರಾಗಿ ಅಳೆದು ಕೊಡುವುದು ಹಿಂದಿನಿಂದ ನಡೆದುಬಂದ ಪದ್ಧತಿ.

"ದೇವರೇ ಕಳಿಸ್ಯವ್ನೆ," ಎಂದ ಹುಚ್ಚಣ್ಣ. "ಇನ್ನೂರು ಕುರಿ ಅಂದ್ರೆ ಎಂಟುನೂರು ಕಾಲು. ಒಂದು ಸಲ ಹೊಲದ ಈ ಕಡೆಯಿಂದ ಆ ಕಡೆಗೆ ಹೊಡೆಸಿಬುಡು. ಕೆಲಸ ಮುಗೀತು."

ದಾಸಣ್ಣನಿಗೆ ನಂಬಿಕೆಯೇ ಬರಲಿಲ್ಲ. ಹಸುರು ಹೊಲದ ಹತ್ತಿರ ಮಂದೆ ಸುಳಿದರೆ ದೊಣ್ಣೆ ತೆಗೆದುಕೊಂಡು ಬರುವ ಜನ, ಇವತ್ತು ಕೈಬೀಸಿ ಕರೆಯುತ್ತಿದ್ದಾರೆ!

"ಏಮಣ್ಣಾ ನರಸಪ್ಪಾ, ಪಚ್ಚಗೆ ಬೆಳೆ ಐತೆ ಕದಾ! ಇದ್ರಾಗೆ ಮಂದೆ ಬುಡಬೇಕಾ?" ಎಂದ ತನ್ನ ತೆಲುಗು ಬೆರೆತ ಕನ್ನಡದಲ್ಲಿ.

"ಬುಡು ಅಂದ್ರೆ ಬುಡು!"

"ಆಮೇಲೆ ಜಗಳ ವದ್ದು, ಬ್ಯಾಡ. ನಮ್ಮ ಪದ್ಧತಿ ಗೊತ್ತಲ್ಲ?"

"ಪದ್ಧತಿಯೋ ಸುಡುಗಾಡೋ! ಮೊದಲು ಒಳಕ್ಕೆ ಹೊಡಿಯಯ್ಯ, ಜೀಪು ಬರೋ ಹೊತ್ತಾಯ್ತು!"

ದಾಸಣ್ಣ ಹುಚ್ಚಣ್ಣನ ಮುಖ ನೋಡಿದ, ನಾಗಕ್ಕನ ಮುಖ ನೋಡಿದ. ಇಬ್ಬರು ಸಾಕ್ಷಿ ಇದ್ದಾರೆ ಎಂದು ಖಚಿತವಾದ ಮೇಲೆ ನಾಲಿಗೆಯಿಂದ ಒಂದು ಸದ್ದು ಮಾಡಿದ. ಇನ್ನೂರು ಕುರಿಯೂ ಕಟ್ಟೆಯೊಡೆದ ನೀರಿನಂತೆ ಹೊಲಕ್ಕೆ ನುಗ್ಗಿದವು.

ತುಳಿಯಲು ಕರೆದ ಕುರಿಗಳು ತಿನ್ನತೊಡಗಿದವು. ಕಡ್ಲೆಕಾಯಿ ಸೊಪ್ಪು ಎಂದರೆ ಕುರಿಗೆ ಹೋಳಿಗೆ ಊಟ. "ಹೊಡಿ, ಆ ಕಡೆಗೆ ಹೊಡಿ!" ಎಂದು ನರಸಪ್ಪ ಕೂಗಿದ. ದಾಸಣ್ಣ ಹೊಡೆದ ಹಾಗೆ ಮಾಡಿದ. ಹುಚ್ಚಣ್ಣ ಮಾತ್ರ ಉದ್ದನೆಯ ಕೋಲು ಹಿಡಿದು ತನ್ನ ಹುರುಳಿ ಹೊಲದ ಬದುವಿನ ಮೇಲೆ ನಿಂತು, ಒಂದೇ ಒಂದು ಕುರಿಯೂ ಅತ್ತ ದಾಟದಂತೆ ಕಾದ. ಒಂದು ತಾಸಿನೊಳಗೆ ಹೊಲದಲ್ಲಿ ಕಡ್ಡಿ ಮಾತ್ರ ಉಳಿದಿತ್ತು. ಸೊಪ್ಪಿಲ್ಲದ ಮೇಲೆ ಮಣ್ಣಿನೊಳಗಿನ ಎಳೆಗಾಯಿ ಬಲಿಯುವಂತೆಯೂ ಇರಲಿಲ್ಲ. ಹೊಟ್ಟೆ ತುಂಬಿದ ಮಂದೆ ಬಿಸಿಲೇರಿತೆಂದು ಅಲ್ಲೇ ಮಲಗಿ ಮೆಲುಕು ಹಾಕತೊಡಗಿತು. ಎಬ್ಬಿಸಿದರೆ ಏಳಲಿಲ್ಲ. ನಾಗಕ್ಕ ಬದುವಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಂತೂ ಇಂತೂ ಬೈದು, ಕಲ್ಲು ಬೀಸಿ, ಮಂದೆಯನ್ನು ಗಾಡಿ ದಾರಿಯಾಚೆ ಬೇವಿನ ಮರದ ಕೆಳಗೆ ಹೊಡೆಯುವಷ್ಟರಲ್ಲಿ ಜೀಪಿನ ಹಾರ್ನ್ ಕೇಳಿಸಿತು.

ಇಂಜಿನಿಯರ್ ನಿಜಕ್ಕೂ ಕರೀ ಕನ್ನಡಕ ಹಾಕಿದ್ದ. ಜೊತೆಗೆ ನಾಗಲಿಂಗಯ್ಯ, ಕೈಯಲ್ಲಿ ಕಾಗದದ ಕಟ್ಟು. ನರಸಪ್ಪ ಎದೆ ಎದೆ ಬಡಿದುಕೊಂಡ.

"ನೋಡಿ ಸಾಮಿ, ನಿಮ್ಮ ಕಂಬ ಮಾಡಿದ ಘನಂದಾರಿ ಕೆಲಸ! ಅರ್ಧ ಎಕರೆ ಸಾಮಿ! ಒಂದು ಗಿಡ ಉಳೀಲಿಲ್ಲ!"

ಇಂಜಿನಿಯರ್ ಕನ್ನಡಕ ತೆಗೆದ. ಹೊಲದೊಳಕ್ಕೆ ನಾಲ್ಕು ಹೆಜ್ಜೆ ಹಾಕಿ, ಬಗ್ಗಿ ಏನನ್ನೋ ಎತ್ತಿಕೊಂಡು ಬೆರಳ ನಡುವೆ ಒತ್ತಿ ನೋಡಿದ.

"ಹಿಕ್ಕೆ ಇನ್ನೂ ಹಸಿ ಇದೆ," ಎಂದ ನಿಧಾನವಾಗಿ. "ನೂರೈವತ್ತರಿಂದ ಇನ್ನೂರು ಕುರಿ. ಅದರಲ್ಲಿ ಒಂದೆರಡಕ್ಕೆ ಹೊಟ್ಟೆ ಸರಿಯಿಲ್ಲ. ಯಜಮಾನ್ರೇ, ನನ್ನ ಹೆಸರು ತಿಪ್ಪಯ್ಯ. ಊರು ಬುಕ್ಕಾಪಟ್ಟಣದ ಹತ್ತಿರ. ಎಸ್ಸೆಸ್ಸೆಲ್ಸಿವರೆಗೂ ಕುರಿ ಕಾದವನು ನಾನು. ನಮ್ಮ ಲೈನ್‌ಮನ್ನುಗಳು ಹಿಕ್ಕೆ ಹಾಕ್ತಾರೇನ್ರೀ?"

ಬೇವಿನ ಮರದ ಕೆಳಗಿಂದ ಒಂದು ಕುರಿ ಬ್ಯಾ ಎಂದಿತು.

ನಾಗಲಿಂಗಯ್ಯ ಕಟ್ಟಿನಿಂದ ಒಂದು ಕಾಗದ ಎಳೆದು ಸಂಕಟದಿಂದ ನೋಡಿದ. "ಎರಡು ಗುಂಟೆ ಇದ್ದಿದ್ದನ್ನ ನಾಕು ಗುಂಟೆ ಅಂತ ಬರ್ಕೊಂಡಿದ್ದೆ ಕಣಪ್ಪ, ನೀನು ಬೈಯಾದು ಕೇಳಿ ಪಾಪ ಅನ್ನಿಸಿ. ಸಾಹೇಬ್ರು ಸೈನ್ ಹಾಕಾದೊಂದೇ ಬಾಕಿ ಇತ್ತು."

ತಿಪ್ಪಯ್ಯ ಆ ಕಾಗದಕ್ಕೆ ಅಡ್ಡಗೀಟು ಎಳೆದು, 'ಬೆಳೆ ಕುರಿ ಮೇಯ್ದು ಹಾಳಾಗಿದೆ' ಎಂದು ಬರೆದ. ಹುಚ್ಚಣ್ಣ ಕೈಕಟ್ಟಿಕೊಂಡು ಮುಂದೆ ಬಂದು, ತನ್ನ ಹುರುಳಿ ಹೊಲದ ಮೂಲೆ ತೋರಿಸಿದ. ಅಲ್ಲಿ ಕಂಬದ ಜಾಡು ಅಚ್ಚುಕಟ್ಟಾಗಿ, ಒಂದು ಹಿಕ್ಕೆಯೂ ಇಲ್ಲದೆ, ಬೆಳಿಗ್ಗೆ ಇದ್ದ ಹಾಗೇ ಇತ್ತು. ತಿಪ್ಪಯ್ಯ ಅಲ್ಲೇ ಜೀಪಿನ ಬಾನೆಟ್ ಮೇಲೆ ಪರಿಹಾರದ ಕಾಗದಕ್ಕೆ ಸೈನ್ ಹಾಕಿ ಕೊಟ್ಟ.

"ಲೇ ಹುಚ್ಚಾ!" ನರಸಪ್ಪ ಅವನ ಟವೆಲ್ ಹಿಡಿದು ಜಗ್ಗಿದ. "ನಂಗೆ ಹೇಳಿದ್ದನ್ನ ನೀನ್ಯಾಕ್ಲಾ ಮಾಡ್ಲಿಲ್ಲ?"

"ನಂದು ಚಿಕ್ಕ ಮೂಲೆ ಕಣ್ಲಾ. ಅದುಕ್ಕೆ ಅಷ್ಟೆಲ್ಲಾ ಯಾಕೆ?" ಎಂದು ಹುಚ್ಚಣ್ಣ ಕಾಗದ ಮಡಿಸಿ ಜೇಬಿಗಿಟ್ಟುಕೊಂಡ.

ಜೀಪು ಹತ್ತುವ ಮೊದಲು ತಿಪ್ಪಯ್ಯ ಬೋಳು ಹೊಲವನ್ನು ಇನ್ನೊಮ್ಮೆ ನೋಡಿದ. "ನಾಗಲಿಂಗಯ್ಯ, ಇನ್ನೂ ನಾಲ್ಕು ಕಂಬ ಈ ಹೊಲದ ಮೇಲೇ ಹೋಗಬೇಕಲ್ಲ? ಸುಗ್ಗಿ ಆಗಲಿ ಅಂತ ಕಾಯ್ತಿದ್ವಿ. ಬೆಳೆ ಇಲ್ಲ ಅಂದಮೇಲೆ ಪರಿಹಾರದ ತಲೆನೋವೂ ಇಲ್ಲ. ನಾಳೆನೇ ಎಳೆಸಿಬಿಡಿ."

ನಾಗಕ್ಕ ಸೆರಗು ತೆಗೆದು ಎದ್ದು ಬಂದಳು. "ಆ ನಾಕು ಕಂಬ ಯಾರ ಬಾವಿಗಪ್ಪಾ?"

"ಯಾರ ಬಾವಿಗೂ ಅಲ್ಲ ಕಣಮ್ಮ," ಎಂದ ನಾಗಲಿಂಗಯ್ಯ. "ನಿಮ್ಮ ಬೀದಿಗೇ. ನಾಕು ವರ್ಷದ ಅರ್ಜಿ ಈಗ ಮಂಜೂರಾಗೈತೆ. ಮುಂದಿನ ತಿಂಗಳು ದುಡ್ಡು ಕಟ್ಟಿದೋರ ಮನೆಗೆಲ್ಲಾ ಬಲ್ಬು."

ಜೀಪು ಹೋಯಿತು. ದುಡ್ಡು ಆಗಬೇಕಿದ್ದ ಬೆಳೆ ಬೇವಿನ ಮರದ ಕೆಳಗೆ ಮೆಲುಕು ಹಾಕುತ್ತಿತ್ತು.

ದಾಸಣ್ಣ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಹತ್ತಿರ ಬಂದ. "ಅಣ್ಣಾ, ರಾತ್ರಿ ಪೂರ್ತಿ ಮಂದೆ ನಿಂತ್ರೆ ಒಂದು ಕೊಳಗ. ಇವತ್ತು ಮಧ್ಯಾಹ್ನ ಅಷ್ಟೇ ಮಲಗಿದ್ದು. ಅರ್ಧ ಕೊಳಗ ರಾಗಿ ಕೊಟ್ರೆ ಸಾಕು."

"ನನ್ನ ಬೆಳೆ ತಿಂದು ನನ್ನನ್ನೇ ರಾಗಿ ಕೇಳ್ತೀಯೇನ್ಲಾ!"

"ಪದ್ಧತಿ ಗೊತ್ತಲ್ಲ ಅಂತ ಕೇಳ್ದೆ. ಹೊಡಿ ಒಳಕ್ಕೆ ಅಂದ್ರಿ. ಹುಚ್ಚಣ್ಣನೇ ಸಾಕ್ಷಿ."

"ಕೊಡಬೇಕಾಯ್ತದೆ ಕಣ್ಲಾ," ಎಂದ ಅರ್ಧ ಲಾಯರು. "ಹಿಕ್ಕೆ ಬಿದ್ದೈತೆ, ಸರ್ಕಾರಿ ಕಾಗದದಾಗೂ ದಾಖಲಾಗೈತೆ. ಪದ್ಧತಿ ಮೀರಿದ್ರೆ ನಾಳೆ ಈ ಊರಿಗೆ ಯಾವ ಮಂದೆನೂ ಬರಾಕಿಲ್ಲ."

ನರಸಪ್ಪ ಬೈಯಲೆಂದು ಬಾಯಿ ತೆರೆದ. ನಾಗಲಿಂಗಯ್ಯ ಒಳ್ಳೆಯದನ್ನೇ ಮಾಡಿದ್ದ. ತಿಪ್ಪಯ್ಯ ಇದ್ದದ್ದನ್ನೇ ಬರೆದಿದ್ದ. ದಾಸಣ್ಣ ಕೇಳಿಯೇ ಮಂದೆ ಬಿಟ್ಟಿದ್ದ. ಹುಚ್ಚಣ್ಣನಿಗೆ ಬೈಯಬಹುದಿತ್ತು, ಆದರೆ ಅವನ ಮಾತು ಕೇಳಿದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಕೊನೆಗೆ ಅವನು ಹೊಲದ ನಡುವೆ ನಿಂತಿದ್ದ ಹೊಸ ಕಂಬದ ಬಳಿಗೆ ಹೋಗಿ ಜಾಡಿಸಿ ಒದ್ದ. ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂತು. ಆಚೆ ಜಯರಾಮಯ್ಯನ ಪಂಪ್‌ಸೆಟ್ಟು ಗುಂಯ್ ಎಂದು ಓಡುತ್ತಿತ್ತು.

ನಾಗಕ್ಕ ಮನೆಯಿಂದ ರಾಗಿಯನ್ನೂ ಕೊಳಗವನ್ನೂ ತಂದು ಅವನ ಮುಂದೆ ಕುಕ್ಕಿದಳು.

"ಬೆಳಿಗ್ಗೆಯಿಂದ ಊರಿಗೆಲ್ಲಾ ಬೈದೆಯಲ್ಲ, ಈಗ ಯಾಕೆ ಸುಮ್ಕಾದೆ?" ಎಂದಳು. "ಅಳೆದು ಕೊಡು. ಆಮೇಲೆ ಪ್ಯಾಟೆಗೆ ಹೋಗಿ ಬುಡ್ಡಿಗೊಂದು ಹೊಸ ಬತ್ತಿ ತಂದುಬುಡು. ಹಳೇದು ಬಲ್ಬು ಬರೋ ಗಂಟ ಸಾಕು ಅಂತ ಇಟ್ಟಿದ್ದೆ."