ಬೆಟ್ಟದ ಕಾರೋಟವೂ ಗುಬ್ಬಿಯ ಬೀಗರೂ

ನಾನಾಗಿ ಹುಡುಕಿಕೊಂಡು ಹೋದ ಯಾವ ಭಾಗ್ಯವೂ ಈ ಜನ್ಮದಲ್ಲಿ ನನಗೆ ಸುಲಭವಾಗಿ ದಕ್ಕಿದ್ದಿಲ್ಲ. ನನ್ನನ್ನು ಹುಡುಕಿಕೊಂಡು ಬಂದ ಯಾವ ಅನರ್ಥವೂ ವಿಳಾಸ ತಪ್ಪಿದ್ದಿಲ್ಲ. ತುಮಕೂರಿನ ಕಾಲೇಜೊಂದರಲ್ಲಿ ಹಳಗನ್ನಡ ಗದ್ಯವನ್ನು ಬೋಧಿಸುತ್ತ, ಮನೆಗೆ ಕಾಲ್ನಡಿಗೆಯಲ್ಲೇ ಮರಳುತ್ತ, ಸೈಕಲ್ಲಿನ ವೇಗವನ್ನೂ ಅನುಮಾನದಿಂದ ಕಾಣುತ್ತಿದ್ದ ನಾನು ಎಂಬತ್ತರ ದಶಕದ ಆರಂಭದಲ್ಲಿ ಕಾರುಗಳ ಬೆಟ್ಟದೋಟವೊಂದರಲ್ಲಿ ಭಾಗವಹಿಸಿದೆನೆಂದರೆ, ಅದಕ್ಕೆ ಪೂರ್ವಜನ್ಮದ ಕರ್ಮವನ್ನು ಮಾತ್ರವಲ್ಲ, ಕುಣಿಗಲ್ಲಿನ ನನ್ನ ಅಕ್ಕನ ಮಗನನ್ನೂ ಹೊಣೆ ಮಾಡಬೇಕು.

ಈ ಸೋದರಳಿಯನಿಗೆ ಕುಣಿಗಲ್ಲಿನಲ್ಲಿ ಒಂದು ಔಷಧದ ಅಂಗಡಿಯಿತ್ತು, ಹಳೆಯದೊಂದು ಫಿಯೆಟ್ ಕಾರಿತ್ತು, ಗುಬ್ಬಿಯ ಕೊಬ್ಬರಿ ವರ್ತಕರೊಬ್ಬರ ಮಗಳ ಮೇಲೆ ಮನಸ್ಸಿತ್ತು. ಹುಡುಗಿ ಒಪ್ಪಿದ್ದಳು. ಅವಳ ತಾಯಿ ಒಪ್ಪಿದ್ದರು. ವರ್ತಕರು ಮಾತ್ರ ತಿಂಗಳುಗಟ್ಟಲೆ ‘ನೋಡೋಣ’ ಎಂಬ ಒಂದೇ ಪದದಲ್ಲಿ ಇಡೀ ಸಂಬಂಧವನ್ನು ತೂಗುಹಾಕಿದ್ದರು. ಹುಡುಗ ಕಾರನ್ನು ಜೋರಾಗಿ ಓಡಿಸುತ್ತಾನೆಂದು ಯಾರೋ ಪುಣ್ಯಾತ್ಮರು ಅವರ ಕಿವಿಗೆ ಹಾಕಿದ್ದರು. ಕಾರನ್ನು ಹಂಗೆ ಓಡಿಸೋನು ಸಂಸಾರಾನೂ ಹಂಗೇ ಓಡಿಸ್ತಾನೆ ಎಂಬುದು ವರ್ತಕರ ಸಿದ್ಧಾಂತ. ಹುಡುಗ ಗುಬ್ಬಿಗೆ ಹೋಗಿ, ವೇಗದ ಸಹವಾಸ ಬಿಟ್ಟೆನೆಂದು ಅವರ ಮುಂದೆ ಕೈಮುಗಿದು ಬಂದಿದ್ದ. ಬಂದವನೇ ಬೆಟ್ಟದೋಟಕ್ಕೆ ಹೆಸರು ಕೊಟ್ಟ. ಇಂಥ ದೃಢಸಂಕಲ್ಪವನ್ನು ನಾನು ಬೇರೆ ಯಾವ ತರುಣನಲ್ಲಿಯೂ ಕಂಡಿಲ್ಲ.

ಓಟದ ಏರ್ಪಾಡು ಬೆಂಗಳೂರಿನ ಕಾರುಪ್ರಿಯರ ಸಂಘವೊಂದರದು. ಊರ್ಡಿಗೆರೆಯ ಆಚೆ ದೇವರಾಯನದುರ್ಗದ ಬುಡದಿಂದ ಒಂದೊಂದೇ ಕಾರನ್ನು ಬಿಡುವುದು; ಕಡಿಮೆ ಹೊತ್ತಿನಲ್ಲಿ ಮೇಲೆ ತಲುಪಿದವನು ಗೆದ್ದಂತೆ. ಹವ್ಯಾಸಿಗಳ ವಿಭಾಗದಲ್ಲಿ ಪಕ್ಕಕ್ಕೆ ಒಬ್ಬ ಜೊತೆಗಾರನನ್ನು ಕೂರಿಸಿಕೊಳ್ಳಬಹುದಿತ್ತು. ನನ್ನ ಅಕ್ಕ ಮಗನಿಗೆ ಒಂದೇ ಷರತ್ತಿನ ಮೇಲೆ ಅಪ್ಪಣೆ ಕೊಟ್ಟಳು. “ನಿಮ್ಮ ಮಾವ ಪಕ್ಕದಲ್ಲಿ ಕೂತ್ರೆ ಹೋಗು. ಅವನಿರೋ ಕಡೆ ಯಾವ ಕೆಲ್ಸಾನೂ ಬೇಗ ಆಗಿದ್ದಿಲ್ಲ.”

ಭಾರ ಇಳಿಸಿದ್ದು

ಶುಕ್ರವಾರ ಕಾರು ತುಮಕೂರಿನ ಗ್ಯಾರೇಜೊಂದರಲ್ಲಿತ್ತು. ಗ್ಯಾರೇಜಿನ ಯಜಮಾನರಾದ ಸಾಹೇಬರು ಮೃದುಭಾಷಿಗಳು, ನಮ್ಮ ಕುಟುಂಬಕ್ಕೆ ಬಹುಕಾಲದ ಪರಿಚಿತರು. ಬೆಟ್ಟ ಹತ್ತುವ ಕಾರಿನಲ್ಲಿ ಬೇಡದ ತೂಕ ಒಂದು ಗುಂಜಿಯೂ ಇರಕೂಡದೆಂದು ನನ್ನ ಅಳಿಯ ಅವರಿಗೆ ತಾಕೀತು ಮಾಡಿದ್ದ. ಹಿಂದಿನ ಸೀಟನ್ನು ಬಿಚ್ಚಿದರು. ಸ್ಟೆಪ್ನಿ ಚಕ್ರವನ್ನು ಇಳಿಸಿದರು. ನೆಲಕ್ಕೆ ಹಾಸಿದ್ದ ರಬ್ಬರನ್ನು ಕಿತ್ತರು. ಕಡೆಗೆ ಅಳಿಯ ನನ್ನತ್ತ ದೀರ್ಘವಾಗಿ ನೋಡಿ, ಎರಡು ದಿನ ರಾತ್ರಿಯೂಟ ಬಿಡಬಹುದೇ ಎಂದು ವಿನಯದಿಂದ ಕೇಳಿದ. ಹೀಗೆ ಬಡವಾದ ಆ ಫಿಯೆಟ್ಟು ಜೈನ ಸನ್ಯಾಸಿಯಂತೆ ನಿರಾಡಂಬರವಾಗಿ ನಿಂತಿತ್ತು.

ಅಷ್ಟರಲ್ಲಿ ಕುಣಿಗಲ್ ಬಸ್ಸಿನಲ್ಲಿ ಅಕ್ಕ ಬಂದಿಳಿದಳು. ಎರಡು ದಿನ ಹೊರಗಿನದನ್ನು ತಿಂದು ಮಕ್ಕಳು ಕೆಡುವುದೆಂದರೇನು? ಅವಳ ಲೆಕ್ಕದಲ್ಲಿ ನಾನೂ ಮಕ್ಕಳಲ್ಲಿ ಒಬ್ಬ. ಚಿತ್ರಾನ್ನದ ದಬರಿ, ಮೊಸರಿನ ಪಾತ್ರೆ, ಚಕ್ಕುಲಿಯ ಡಬ್ಬಿ, ನೀರಿನ ಹೂಜಿ, ಎರಡು ಕಂಬಳಿ, ಒಂದು ಛತ್ರಿ, ಬೆಟ್ಟದ ಗಾಳಿಗೆ ಶೀತವಾದರೆ ಹಚ್ಚಲು ನೀಲಗಿರಿ ಎಣ್ಣೆ. ಹಿಂದಿನ ಸೀಟು ತೆಗೆದದ್ದರಿಂದ ಎಷ್ಟು ಅನುಕೂಲವಾಯಿತೆಂದು ಅವಳು ಮೆಚ್ಚಿಕೊಳ್ಳುತ್ತಲೇ ಎಲ್ಲವನ್ನೂ ಒಪ್ಪವಾಗಿ ಜೋಡಿಸಿದಳು.

ಸಾಹೇಬರು ಕೈಯೊರೆಸಿಕೊಳ್ಳುತ್ತ ಕಾರನ್ನು ಒಂದು ಸುತ್ತು ಬಂದರು. “ಒಂದು ವಿಷ್ಯ ಕೇಳ್ಬೋದಾ ಮೇಷ್ಟ್ರೇ? ತಾವು ರೇಸಿಗೆ ಹೋಗ್ತಾ ಇದೀರಾ, ಮನೆ ಖಾಲಿ ಮಾಡ್ತಾ ಇದೀರಾ?”

ತಪಾಸಣೆ

ಶನಿವಾರ ವಾಹನಗಳ ತಪಾಸಣೆ. ಅದು ಮುಗಿಯುವವರೆಗೆ ಅಕ್ಕನ ಪಾತ್ರೆಪಡಗವನ್ನೆಲ್ಲ ಇಳಿಸಿ ಒಂದು ಮರದಡಿ ಇಟ್ಟಿದ್ದೆವು. ತಪಾಸಣೆಯ ಅಧಿಕಾರಿ ಬೆಂಗಳೂರಿನವರು. ಬಿಳಿ ಷರಾಯಿ, ಬಿಳಿ ಟೋಪಿ, ಮುಖದಲ್ಲಿ ಸದಾ ಅತೃಪ್ತಿ. ಮೊದಲು ನನ್ನ ತಲೆಯನ್ನು ಪರೀಕ್ಷಿಸಿದರು. ಜೊತೆಗಾರನಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದರಿಂದ, ವಿದ್ಯುತ್ ಕಂಬ ಹತ್ತುವ ಕೆಲಸದಲ್ಲಿದ್ದ ನೆರೆಮನೆಯವರ ಹಳದಿ ಹೆಲ್ಮೆಟ್ಟನ್ನು ನಾನು ಎರವಲು ತಂದಿದ್ದೆ. ಇದು ಯಾವುದರಿಂದ ರಕ್ಷಣೆ ಕೊಡುತ್ತದೆಂದು ಅವರು ಕೇಳಿದರು. ಕರೆಂಟಿನಿಂದ ಎಂದೆ. ನಿಟ್ಟುಸಿರಿಟ್ಟು ಒಪ್ಪಿಗೆಯ ಗುರುತು ಹಾಕಿದರು.

ಬಳಿಕ ಅವರ ದೃಷ್ಟಿ ಕಾರಿನ ಮುಂಭಾಗಕ್ಕೆ ಹರಿಯಿತು. ಅಲ್ಲಿ ಅಕ್ಕ ಕಟ್ಟಿದ್ದ ನಿಂಬೆಹಣ್ಣು ಮತ್ತು ಹಸಿಮೆಣಸಿನಕಾಯಿಯ ಸರ ನೇತಾಡುತ್ತಿತ್ತು. ಓಟದ ಕಾರಿನಲ್ಲಿ ಸಡಿಲವಾದ ವಸ್ತು ಯಾವುದೂ ಇರಕೂಡದು, ನಿಯಮದ ಪ್ರಕಾರ ಇದನ್ನು ಕಿತ್ತುಹಾಕಿ ಎಂದು ಅವರು ಅಪ್ಪಣೆ ಮಾಡಿದರು. ಅಳಿಯ, ಬೇಕಾದರೆ ಬ್ರೇಕು ಕಿತ್ತುಹಾಕಿ, ಇದನ್ನು ಮಾತ್ರ ಮುಟ್ಟಬೇಡಿ ಎಂದ. ವಾದ ಬೆಳೆಯಿತು; ಹಿಂದಿನ ಕಾರುಗಳು ಹಾರನ್ ಒತ್ತತೊಡಗಿದವು. ಆಗ ನಮ್ಮ ಜೊತೆ ಬಂದಿದ್ದ ಗ್ಯಾರೇಜಿನ ಸಾಹೇಬರು ಮುಂದೆ ಬಂದು, ಜೇಬಿನಿಂದ ತಂತಿ ತೆಗೆದು, ನಿಂಬೆಹಣ್ಣಿನ ಸರವನ್ನು ಬಂಪರಿಗೆ ಸುತ್ತಿ ಬಿಗಿದು, ಇಕ್ಕಳದಿಂದ ತಿರುಪಿದರು. ಅಧಿಕಾರಿ ಬಗ್ಗಿ ಅದನ್ನು ಬಲವಾಗಿ ಎಳೆದು ನೋಡಿದರು. ಅಲುಗಲಿಲ್ಲ.

“ಇಡೀ ಗಾಡೀಲಿ ಗಟ್ಟಿಯಾಗಿರೋದು ಇದೊಂದೇ,” ಎಂದು ಹೇಳಿ ಪಾಸು ಮಾಡಿದರು.

ಉದ್ಘಾಟನೆ

ಭಾನುವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಶಾಮಿಯಾನ, ವೇದಿಕೆ, ಧ್ವನಿವರ್ಧಕ. ವೇಗವನ್ನೇ ಕೊಂಡಾಡುವ ಸಮಾರಂಭವಾದ್ದರಿಂದ ಮುಖ್ಯ ಅತಿಥಿಗಳು ಬಹಳ ತಡವಾಗಿ ಬಂದರು. ಜಿಲ್ಲೆಯ ಮುಖಂಡರೊಬ್ಬರು ಅವರು; ಖಾದಿಯ ಗರಿಮುರಿ ಅಂಗಿ, ಕೊರಳಲ್ಲಿ ಬರುವಾಗಲೇ ಒಂದು ಚೆಂಡುಹೂವಿನ ಹಾರ. ಪ್ರಾರ್ಥನೆಯಾಯಿತು, ಸ್ವಾಗತವಾಯಿತು, ಸ್ವಾಗತಿಸಿದವರನ್ನು ಪರಿಚಯಿಸುವ ಕಾರ್ಯವೂ ಆಯಿತು. ಎಂಜಿನ್ನು ಬಿಸಿ ಮಾಡಿಕೊಂಡಿದ್ದ ಕಾರುಗಳೆಲ್ಲ ತಣ್ಣಗಾದವು. ಮುಖಂಡರು ಕ್ರೀಡೆಯ ಮಹತ್ವವನ್ನು ವಿವರಿಸುತ್ತ ನೀರಾವರಿಗೆ ಹೋಗಿ, ಅಲ್ಲಿಂದ ಹಿಂದಿರುಗಿ, ಈ ಓಟದಲ್ಲಿ ಪ್ರತಿಯೊಬ್ಬ ಸ್ಪರ್ಧಿಯೂ ಮೊದಲನೆಯವನಾಗಿ ಬರಲಿ ಎಂದು ಹರಸಿದರು. ಪಕ್ಷಪಾತವೆಂಬುದನ್ನೇ ಅರಿಯದ ಮನುಷ್ಯ.

ರಸ್ತೆಗೆ ಅಡ್ಡ ಕಟ್ಟಿದ್ದ ಟೇಪನ್ನು ಕತ್ತರಿಸಿದ ಮೇಲೆ, ರಸ್ತೆ ತೆರವಾದದ್ದು ತಮಗಾಗಿಯೇ ಎಂದು ಬಗೆದು, ಅವರು ತಮ್ಮ ಅಂಬಾಸಡರ್ ಕಾರಿನಲ್ಲಿ ಕುಳಿತು ಬೆಟ್ಟದ ಮೇಲಿನ ಅತಿಥಿಗೃಹಕ್ಕೆ ತೆರಳಿಬಿಟ್ಟರು. ಬುಡದಲ್ಲಿ ಗಡಿಯಾರ ಹಿಡಿದು ನಿಂತಿದ್ದವನು ಅಭ್ಯಾಸಬಲದಿಂದ ಹೊರಟ ಸಮಯ ಬರೆದುಕೊಂಡ. ತುದಿಯಲ್ಲಿದ್ದವನು ತಲುಪಿದ ಸಮಯ ಬರೆದುಕೊಂಡ. ಮಧ್ಯಾಹ್ನದವರೆಗೂ ಹಲಗೆಯ ಮೇಲೆ ಮೊದಲನೇ ಸ್ಥಾನ ಅವರದೇ ಇತ್ತು. ಅನೇಕ ಕಾರುಗಳು ಅದಕ್ಕಿಂತ ಬೇಗ ಹತ್ತಿದರೂ ಆ ಹೆಸರನ್ನು ಅಳಿಸುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಆರೋಹಣ

ನಮ್ಮ ಸರದಿ ಬಂತು. ಬಾವುಟ ಹಿಡಿದವನು ಬೆರಳು ಮಡಿಸುತ್ತ ಎಣಿಸಿ ಬಾವುಟ ಇಳಿಸಿದಾಗ ನನ್ನ ಅಳಿಯ ಕಣ್ಮುಚ್ಚಿ ಕುಲದೇವರನ್ನು ನೆನೆಯುತ್ತಿದ್ದ. ಹೋಗೋ ಎಂದು ನಾನು ಮೊಣಕೈಯಿಂದ ತಿವಿದ ಮೇಲೆ ಕಾರು ಹೊರಟಿತು. ಹೊರಟ ಮೇಲೆ ನಾನು ಕಣ್ಮುಚ್ಚಿದೆ. ಹಿಂದೆ ಚಿತ್ರಾನ್ನದ ದಬರಿ ಪ್ರತಿಯೊಂದು ತಿರುವಿನಲ್ಲಿಯೂ ಜಾಗಟೆಯಂತೆ ಬಡಿದುಕೊಳ್ಳುತ್ತಿತ್ತು. ಅಳಿಯ ನಿಜಕ್ಕೂ ಚೆನ್ನಾಗಿ ಓಡಿಸುತ್ತಿದ್ದನೆಂದು ಆಮೇಲೆ ಬಲ್ಲವರು ಹೇಳಿದರು, ನಾನು ನೋಡಿಲ್ಲ.

ಅರ್ಧ ಬೆಟ್ಟದಲ್ಲಿ ಕಾರು ಇದ್ದಕ್ಕಿದ್ದಂತೆ ನಿಂತಿತು. ಕಣ್ತೆರೆದೆ. ರಸ್ತೆಯ ಅಂಚಿನಲ್ಲಿ ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ಹಣ್ಣುಕಾಯಿಯ ಚೀಲ ಹಿಡಿದ ಹಿರಿಯರೊಬ್ಬರು ಕೈ ಅಡ್ಡ ಹಿಡಿದು ನಿಂತಿದ್ದರು. ಗುಬ್ಬಿಯ ವರ್ತಕರು.

ಮಗಳ ಸಂಬಂಧದ ವಿಷಯವಾಗಿ ದೇವರ ಅಪ್ಪಣೆ ಕೇಳಲೆಂದು ಅವರು ಬೆಳಿಗ್ಗೆಯೇ ಹೊರಟು ಬಂದಿದ್ದರು. ಪೊಲೀಸಿನವರು ಬಸ್ಸನ್ನು ಕೆಳಗೇ ತಡೆದದ್ದರಿಂದ ಕಾಲುದಾರಿಯಲ್ಲಿ ಹತ್ತಿ, ಏದುಸಿರು ಬಿಡುತ್ತ ಆಗಷ್ಟೇ ಆ ತಿರುವಿಗೆ ಬಂದು ಸೇರಿದ್ದರು. ಬಿಸಿಲಲ್ಲಿ ಕೈ ಅಡ್ಡ ಹಿಡಿದ ಹಿರಿಯರನ್ನು ದಾಟಿ ಹೋಗುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲ. ಅದರಲ್ಲೂ ಅವರ ಮಗಳನ್ನು ಕೇಳಿದವನು ದಾಟುವುದುಂಟೇ? ಓಟದ ನಿಯಮಗಳನ್ನು ಬರೆದ ಮಹನೀಯರಿಗೆ ಈ ಸಂದರ್ಭ ಹೊಳೆದಿರಲಿಲ್ಲ.

“ಏನ್ ಮೇಷ್ಟ್ರೇ, ತಾವಿಲ್ಲಿ?” ಎಂದು ಅವರು ಬಗ್ಗಿ ನೋಡಿದರು. ಬೆಟ್ಟದ ಮೇಲೊಂದು ಸಮಾರಂಭವಿದೆ, ಅಲ್ಲಿಗೆ ಹೊರಟಿದ್ದೇವೆ ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗೌರವಾರ್ಥವಾಗಿ ಮುಂದಿನ ಸೀಟನ್ನು ಅವರಿಗೆ ಬಿಟ್ಟು, ಸೀಟಿಲ್ಲದ ಹಿಂಬದಿಯಲ್ಲಿ ಮೊಸರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕುಳಿತೆ.

ವರ್ತಕರು ಸೂಕ್ಷ್ಮಗ್ರಾಹಿಗಳು. ಕಾರಿನ ಬಾಗಿಲ ಮೇಲೇಕೆ ಅಷ್ಟು ದೊಡ್ಡ ಅಂಕಿ ಎಂದು ವಿಚಾರಿಸಿದರು. ಜನಜಂಗುಳಿಯಲ್ಲಿ ನಮ್ಮ ಗಾಡಿ ಗುರುತು ಸಿಗಲಿ ಎಂದು, ಅಂದ ಅಳಿಯ. ತಲೆಗಳ ಮೇಲಿರುವುದೇನೆಂದರು. ಈ ಬೆಟ್ಟದ ಕೋತಿಗಳು ಕಲ್ಲು ಹಾಕುತ್ತವೆ ಎಂದು ನಾನು ಹೇಳಿದೆ. ಪಾಠ ಹೇಳುವ ಗಾಂಭೀರ್ಯದಿಂದಲೇ ಹೇಳಿದೆ. ಹಾಗಾದರೆ ತಮಗೂ ಒಂದು ಇರಲಿ ಎಂದು ಅವರು ಕೈ ಚಾಚಿದರು. ನನ್ನ ಹಳದಿ ಹೆಲ್ಮೆಟ್ಟು ಅವರ ಶಿರವನ್ನೇರಿತು.

ಆಮೇಲಿನ ಪಯಣವನ್ನು ಓಟವೆಂದು ಕರೆದರೆ ಭಾಷೆಗೆ ಅಪಚಾರ. ಭಾವೀ ಮಾವನವರು ಪಕ್ಕದಲ್ಲಿ ಕುಳಿತಿರುವಾಗ ಅಳಿಯ ಎರಡನೇ ಗೇರನ್ನು ಮೀರಲಿಲ್ಲ. ಒಂದೊಂದು ತಿರುವಿಗೂ ಹಾರನ್ ಮಾಡಿದ; ಎದುರಿಗೆ ಯಾರೂ ಇಲ್ಲದಿದ್ದರೂ ಕೈ ಹೊರಹಾಕಿ ಸನ್ನೆ ಮಾಡಿದ. ದಾರಿಯ ಪಕ್ಕದಲ್ಲಿ ಒಂದು ಹನುಮಂತನ ಗುಡಿ ಬಂತು. ಇಲ್ಲೊಂದು ಕಾಯಿ ಒಡೆದು ಹೋಗೋಣ ಎಂದರು ವರ್ತಕರು. ಒಡೆದೆವು. ಪ್ರದಕ್ಷಿಣೆಯನ್ನೂ ಮಾಡಿದೆವು. ಕಾರು ಮತ್ತೆ ಹೊರಟಾಗ, ರಸ್ತೆಯುದ್ದಕ್ಕೂ ಬೇಲಿಯ ಹಿಂದೆ ಸೇರಿದ್ದ ಜನ ಹೆಲ್ಮೆಟ್ಟಿನ ಮುದುಕರನ್ನು ಕಂಡು ಸಿಳ್ಳೆ ಹಾಕಿದರು. ವರ್ತಕರು ಎರಡೂ ಕಡೆಗೆ ಕೈಮುಗಿದರು.

ತುದಿಯಲ್ಲಿ ಬೇರೆಯೇ ಪರಿಸ್ಥಿತಿ. ಕೆಳಗಿಂದ ಹೊರಟ ಕಾರು ಮೇಲೆ ಬರಲಿಲ್ಲವೆಂದು ದಿಗಿಲುಬಿದ್ದು, ಕಮರಿಗೆ ಇಳಿಯಲು ಹಗ್ಗ ತರಿಸುತ್ತಿದ್ದರು. ನಾವು ಕಣ್ಣಿಗೆ ಬಿದ್ದದ್ದೇ ತಡ, ಇಡೀ ಸಮೂಹ ಹೋ ಎಂದು ಕೂಗುತ್ತ ಕಾರಿನ ಕಡೆಗೆ ನುಗ್ಗಿತು. ಒಬ್ಬ ಕಪ್ಪುಬಿಳಿ ಚೌಕಳಿಯ ಬಾವುಟ ಬೀಸಿದ. ಸಂಘದ ಕಾರ್ಯದರ್ಶಿ ಕೋಪದಿಂದ ಓಡಿಬಂದು ಬಾಗಿಲು ತೆರೆದು, “ಬನ್ನಿ ಸ್ವಾಮಿ, ಬನ್ನಿ. ತಮಗೋಸ್ಕರ ಇಡೀ ಬೆಟ್ಟಾನೇ ಕಾಯ್ತಾ ನಿಂತಿದೆ,” ಎಂದ.

ವರ್ತಕರು ಗಾಂಭೀರ್ಯದಿಂದ ಇಳಿದರು. ಅತಿಥಿಗೃಹದಿಂದ ಹೊರಬಂದಿದ್ದ ಮುಖಂಡರು, ಜನ ಸುತ್ತುವರಿದ ಯಾರನ್ನೇ ಕಂಡರೂ ಹಾರ ಹಾಕುವ ತಮ್ಮ ಅಭ್ಯಾಸದಂತೆ, ಕೊರಳಿನ ಚೆಂಡುಹೂವಿನ ಹಾರವನ್ನು ತೆಗೆದು ಅವರಿಗೆ ಹಾಕಿ ಕೈಕುಲುಕಿದರು. ಚಪ್ಪಾಳೆ ಮುಗಿಲು ಮುಟ್ಟಿತು. ಬೀಗರನ್ನು ಎದುರುಗೊಳ್ಳುವ ಶಾಸ್ತ್ರವನ್ನು ನಾನು ಎಷ್ಟೋ ಮದುವೆಗಳಲ್ಲಿ ಕಂಡಿದ್ದೇನೆ. ಬೆಟ್ಟದ ತುದಿಯಲ್ಲಿ, ಬಾವುಟ ಧ್ವನಿವರ್ಧಕ ಸಮೇತ, ಮುಖಂಡರ ಕೈಯಿಂದಲೇ ನಡೆದದ್ದನ್ನು ಅದೊಂದೇ ಸಲ ಕಂಡದ್ದು.

ವರ್ತಕರ ಕಣ್ಣು ತೇವವಾಗಿತ್ತು. ನನ್ನನ್ನು ಪಕ್ಕಕ್ಕೆ ಕರೆದರು. “ನಾನು ಅಪ್ಪಣೆ ಕೇಳಕ್ಕೆ ಬತ್ತೀನಿ ಅಂತ ನಿಮ್ಗೆ ಹೆಂಗೋ ಗೊತ್ತಾಗೈತೆ ಮೇಷ್ಟ್ರೇ. ಆದ್ರೂ ಇಷ್ಟೊಂದು ಜನಾನ ಸೇರಿಸ್ಬಾರ್ದಾಗಿತ್ತು. ನಮ್ಮ ದೊಡ್ಡಳಿಯನ ಕಡೆಯೋರು ಒಂದು ಲೋಟ ನೀರು ಕೊಡಕ್ಕೂ ಹಿಂದೆ ಮುಂದೆ ನೋಡಿದ್ರು.”

ಇದೆಲ್ಲ ನಮ್ಮ ಕರ್ತವ್ಯ ಎಂದೆ.

“ಹುಡುಗನ್ನ ಜೋರು ಅಂದೋನು ಯಾವನೋ ಹೊಟ್ಟೆಕಿಚ್ಚಿನೋನು. ಇಂಥಾ ನಿಧಾನಸ್ಥನ್ನ ನಾನು ಕಂಡಿಲ್ಲ. ದೇವ್ರನ್ನ ಇನ್ನೇನು ಕೇಳೋದು ಬುಡಿ. ಹುಡುಗಿ ಕೊಟ್ಟೆ.”

ಅದೇ ಹೊತ್ತಿಗೆ ಧ್ವನಿವರ್ಧಕದಲ್ಲಿ ಸಂಘದವರು ನನ್ನ ಅಳಿಯನ ಹೆಸರನ್ನು ಓಟದಿಂದ ತೆಗೆದುಹಾಕಿರುವುದಾಗಿ ಇಂಗ್ಲಿಷಿನಲ್ಲಿ ಸಾರಿದರು. ಅಷ್ಟು ಜನರ ಮುಂದೆ ಹುಡುಗನ ಹೆಸರು ಕೂಗಿದ್ದನ್ನು ಕೇಳಿ ವರ್ತಕರು ಹೆಮ್ಮೆಯಿಂದ ತಲೆದೂಗಿದರು.

ಮರುಕ್ಷಣವೇ ಮುಂದಿನ ಕಾರು, ಆ ದಿನದ ಓಟವನ್ನು ಗೆದ್ದ ಬೆಂಗಳೂರಿನ ತರುಣನದು, ಕಿರುಚುತ್ತ ಧೂಳೆಬ್ಬಿಸುತ್ತ ತಿರುವಿನಿಂದ ನುಗ್ಗಿಬಂದು ನಮ್ಮೆದುರು ನಿಂತಿತು. ವರ್ತಕರು ಧೂಳು ಇಳಿಯುವವರೆಗೆ ಟವೆಲಿನಿಂದ ಮೂಗು ಮುಚ್ಚಿಕೊಂಡಿದ್ದು, ಒಳಗೆ ಒಬ್ಬನೇ ಕುಳಿತಿದ್ದ ಆ ತರುಣನನ್ನು ಮರುಕದಿಂದ ನೋಡಿದರು.

“ಪಾಪ,” ಎಂದರು, “ಇವನಿಗೆ ಹೆಣ್ಣು ಕೊಡೋರು ದಾರೀಲಿ ಯಾರೂ ಸಿಗ್ಲಿಲ್ಲ ಅಂತ ಕಾಣುತ್ತೆ.”