ಕೆಂಕೆರೆಯಲ್ಲಿ ಉಳಿದ ಎರಡನೇ ಭಾಗ

ನಮ್ಮ ಸೋದರಮಾವ ಹಾಲ್ಕುರಿಕೆ ಬಿಟ್ಟು ಬೇರೆ ಊರಿನಲ್ಲಿ ಬದುಕಿದವರಲ್ಲ. ಹಾಗಂತ ಈ ಭೂಮಿಯ ಮೇಲೆ ಬದುಕಿದ್ದಾರೆ ಅಂತಲೂ ನಾನು ಪ್ರಮಾಣ ಮಾಡಿ ಹೇಳಲಾರೆ! ತೋಟಕ್ಕೆ ನೀರು ಬಿಟ್ಟು ಬದುವಿನ ಮೇಲೆ ನಿಂತಿರುತ್ತಾರೆ. ಮಾತಾಡಿಸಲು ಹೋದರೆ, "ತಡಿಯವ್ವ, ಹಡಗು ಇಳೀತೈತೆ" ಅನ್ನುತ್ತಾರೆ. ತಿಪಟೂರು ಸೀಮೆಯಲ್ಲಿ ಕೆರೆಗೇ ನೀರಿಲ್ಲ, ಹಡಗು ಎಲ್ಲಿಂದ ಬರಬೇಕು? ಅದು ಆಕಾಶದ ಹಡಗು. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವಂಥದ್ದು. ಅಷ್ಟು ಹೊತ್ತಿಗೆ ಇಲ್ಲಿ ನೀರು ಬದು ಒಡೆದುಕೊಂಡು ಪಕ್ಕದವರ ತೋಟಕ್ಕೆ ಹರಿದಿರುತ್ತದೆ.

ಇದೆಲ್ಲ ಶುರುವಾದದ್ದು ಟೀವಿಯಿಂದ. ಮಾವ ಹುಡುಗರಾಗಿದ್ದಾಗ ಭಾನುವಾರ ಇಂಥ ಹಡಗಿನದೇ ಒಂದು ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತಂತೆ. ಊರಿಗೆಲ್ಲ ಒಂದೇ ಟೀವಿ, ಅದರ ಆಂಟೆನಾ ತೆಂಗಿನ ಮರದ ತುದಿಯಲ್ಲಿ. ಗಾಳಿ ಬೀಸಿದರೆ ಕ್ಯಾಪ್ಟನ್ನಿಗೆ ಎರಡು ತಲೆ! ಅದನ್ನಾದರೂ ಸಹಿಸಬಹುದಿತ್ತು. ಆದರೆ ಹಡಗಿಗೆ ಇನ್ನೇನು ಬೆಂಕಿ ಬಿತ್ತು ಅನ್ನುವಾಗ ಸರಿಯಾಗಿ ಕರೆಂಟು ಹೋಗುತ್ತಿತ್ತು. ವರ್ಷವೆಲ್ಲ ಬಿಡದೆ ನೋಡಿದರೂ ಮಾವ ಒಂದೇ ಒಂದು ಕಂತಿನ ಕೊನೆಯನ್ನೂ ಕಾಣಲಿಲ್ಲ. ಇವತ್ತಿಗೂ ಅವರು ನಿಂತಲ್ಲಿ ನಿಲ್ಲದೆ ಕೂತಲ್ಲಿ ಕೂರದೆ ಚಡಪಡಿಸುವುದಕ್ಕೆ ಇದೇ ಕಾರಣವೆಂದು ನನ್ನ ಗುಮಾನಿ.

ಆಮೇಲೆ ಅವರಿಗೆ ಗೊತ್ತಾಯಿತು: ಅದೇ ಹಡಗು, ಅದೇ ಕ್ಯಾಪ್ಟನ್ನನ್ನು ಇಟ್ಟುಕೊಂಡು ಯಾರ್ಯಾರೋ ರಾಶಿ ಕಾದಂಬರಿ ಬರೆದಿದ್ದಾರೆ, ಬೆಂಗಳೂರಿನ ಹಳೇ ಪುಸ್ತಕದಂಗಡಿಗಳಲ್ಲಿ ಅವು ಸಿಗುತ್ತವೆ! "ಪುಸ್ತಕಕ್ಕೆ ಕರೆಂಟು ಬೇಕಿಲ್ಲ ಕಣವ್ವ!" ಅಂದರು ಮಾವ, ಜ್ಞಾನೋದಯವಾದವರ ಹಾಗೆ. ಈಗ ಧಾರಾವಾಹಿಯೇ ಮೊಬೈಲಿನಲ್ಲಿ ಸಿಗುತ್ತದಲ್ಲ ಮಾವ, ನೋಡಬಾರದೇ ಅಂತ ಒಮ್ಮೆ ಕೇಳಿದೆ.

"ಥೂ ಬುಡು! ಟೀವಿಲಿ ಅವ್ರು ಊಟಾನೇ ಮಾಡಲ್ಲ, ಬರೀ ಯುದ್ಧ. ಪುಸ್ತಕದಲ್ಲಿ ನೋಡು, ಹಡಗಿಗೆ ಒಬ್ಬ ಅಡುಗೆಯವನವ್ನೆ. ಅಷ್ಟು ಜನಕ್ಕೆ ಬೇಯಿಸಿ ಹಾಕೋನು ಒಬ್ಬ ಬ್ಯಾಡ್ವಾ?"

ಈ ಅಡುಗೆಯವನನ್ನು ಓದುಗರು ದಯವಿಟ್ಟು ನೆನಪಿಡಬೇಕು. ನಮ್ಮ ಮನೆಯ ನೆಮ್ಮದಿ ಕೆಡಿಸಿದವನು ಅವನೇ.

ಪುಸ್ತಕ ಕೊಳ್ಳುವುದಕ್ಕೂ ಮಾವನದೇ ಒಂದು ಪದ್ಧತಿ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರೆಲ್ಲ ಇಂಗಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅಂದಾಗ ಉಂಡೆ ಕೊಬ್ಬರಿಯಾಯಿತು ಅಂತ ಲೆಕ್ಕ. ಮಾವ ಪುಸ್ತಕವನ್ನೂ ಹಾಗೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು! ಕೊನೆಯ ಹಾಳೆಗಳು ಬಿಟ್ಟುಕೊಂಡಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದಂತೆ. ಅಂಗಡಿಯವನು ಕಕ್ಕಾಬಿಕ್ಕಿಯಾಗಿ, "ಸಾರ್, ಒಳಗೆ ಏನೂ ಇಲ್ಲ, ಬರೀ ಕಥೆ ಅಷ್ಟೆ" ಅಂದನಂತೆ.

ಈ ಬೆಂಗಳೂರು ಯಾತ್ರೆಗೆ ಅವರಿಗೊಬ್ಬ ಜೊತೆಗಾರರಿದ್ದರು, ಕೆಂಕೆರೆಯ ಒಬ್ಬ ಮೇಷ್ಟ್ರು. ಇಡೀ ಸೀಮೆಯಲ್ಲಿ ಈ ಹುಚ್ಚು ಹತ್ತಿದ್ದ ಇನ್ನೊಂದು ಪ್ರಾಣಿ ಅವರೇ. ಮೇಷ್ಟ್ರದು ಮಾವನಿಗೆ ತದ್ವಿರುದ್ಧ ಸ್ವಭಾವ. ಒಂದು ಕಾದಂಬರಿಯನ್ನು ತಿಂಗಳುಗಟ್ಟಲೆ ಚಪ್ಪರಿಸಿ ಓದುವವರು. ಒಂದು ಸಲ ಇಬ್ಬರೂ ಸೇರಿ ಎರಡು ಭಾಗದ ಕಾದಂಬರಿಯೊಂದನ್ನು ಪಾಲಿನಲ್ಲಿ ಕೊಂಡರು. ಮಾವನಿಗೆ ತಡೆಯುವ ತಾಳ್ಮೆ ಎಲ್ಲಿಯದು? ಮೊದಲ ಭಾಗ ಅವರೇ ಒಯ್ದರು. ಎರಡನೆಯದು ಮೇಷ್ಟ್ರ ಚೀಲಕ್ಕೆ ಹೋಯಿತು. ವಾರ ಬಿಟ್ಟು ಕಿಬ್ಬನಹಳ್ಳಿ ಬಸ್‌ಸ್ಟಾಪಿನಲ್ಲಿ ಸೇರಿ ಬದಲಾಯಿಸಿಕೊಳ್ಳುವುದೆಂದು ಮಾತಾಯಿತು.

ವಾರ ಕಳೆಯಿತು. ಮೇಷ್ಟ್ರು ಬಸ್ಸಿನಿಂದ ಒಂದು ಕಾಲು ಕೆಳಗಿಟ್ಟಿದ್ದರು, ಇನ್ನೊಂದು ಇನ್ನೂ ಮೆಟ್ಟಿಲ ಮೇಲೇ ಇತ್ತು. ಅಷ್ಟರಲ್ಲಿ ನಮ್ಮ ಮಾವ ರಸ್ತೆಯ ಆಚೆಯಿಂದಲೇ ಕೂಗಿಬಿಟ್ಟರು: "ಮೇಷ್ಟ್ರೇ! ಅಡುಗೆಯವನನ್ನ ಗ್ರಹದ ಮೇಲೇ ಬಿಟ್ಟು ಹಡಗು ಹೊಂಟೋಯ್ತು ಮೇಷ್ಟ್ರೇ!"

ಅದು ಮೊದಲ ಭಾಗದ ಕಟ್ಟಕಡೆಯ ಸಾಲು. ಮೇಷ್ಟ್ರು ಕೆಳಗಿಟ್ಟ ಕಾಲನ್ನು ಮೇಲೆತ್ತಿಕೊಂಡರಂತೆ. "ಬಾಯಿಬಡುಕ! ನಿನ್ನ ಪುಸ್ತಕ ನೀನೇ ಇಟ್ಕೋ. ನನ್ನದು ನಿನಗೆ ಈ ಜನ್ಮದಲ್ಲಿ ಸಿಗಲ್ಲ" ಅಂದು ಅದೇ ಬಸ್ಸಿನಲ್ಲಿ ಮುಂದಕ್ಕೆ ಹೋದರು. ಬಸ್ಸು ತುರುವೇಕೆರೆಗೆ ಹೋಗುವಂಥದ್ದು, ಅಲ್ಲಿ ಮೇಷ್ಟ್ರಿಗೆ ಯಾವ ಕೆಲಸವೂ ಇರಲಿಲ್ಲ. ಸಿಟ್ಟು ಅಂದರೆ ಹಾಗಿರಬೇಕು!

ಅಲ್ಲಿಂದ ಹದಿನಾಲ್ಕು ವರ್ಷ, ಸರಿಯಾಗಿ ಒಂದು ವನವಾಸ. ಅಡುಗೆಯವನು ಬದುಕಿದನೋ ಇಲ್ಲವೋ, ಹಡಗು ಅವನಿಗಾಗಿ ತಿರುಗಿ ಬಂತೋ ಇಲ್ಲವೋ? ಮಾವನಿಗೆ ಊಟ ರುಚಿಸದು, ಯಾರ ಮಾತೂ ತಲೆಗೆ ಹತ್ತದು. ಒಂದು ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ನನ್ನ ಕಿವಿಯಲ್ಲಿ, "ಅವನತ್ರ ಉಪ್ಪು ಎಷ್ಟಿತ್ತು ಅಂತೀಯಾ?" ಅಂದರು. ಫೋನಿನಲ್ಲಿ ಒತ್ತಿದರೆ ಮೂರು ದಿನಕ್ಕೆ ಪುಸ್ತಕ ಮನೆಗೇ ಬರುತ್ತದೆ, ತರಿಸಲೇ ಅಂದೆ. ತಲೆ ಅಲ್ಲಾಡಿಸಿದರು. "ಬ್ಯಾಡ ಕಣವ್ವ. ಬಾಯಿ ಬಿಟ್ಟೋನು ನಾನು. ಅವ್ರಾಗಿ ಕೊಟ್ರೆ ಓದ್ತೀನಿ." ಸರಿ, ಹೋಗಿ ಕೇಳಬಹುದಲ್ಲ? ಅದಕ್ಕೂ ಇಲ್ಲ. ಯಾವ ಮುಖ ಹೊತ್ತು ಹೋಗಲಿ ಅನ್ನುತ್ತಿದ್ದರು.

ಹೋದ ವರ್ಷ ಇನ್ನೊಂದು ಅನಾಹುತವಾಯಿತು. ಮಾವ ಪುಸ್ತಕಗಳನ್ನು ಗೋಣಿಚೀಲದಲ್ಲಿ ತುಂಬಿ ಇಡುತ್ತಿದ್ದದ್ದು ಅದೇ ಅಟ್ಟದ ಮೂಲೆಯಲ್ಲಿ, ಕಾಯಿಯ ಜೊತೆಗೆ. ಕೊಬ್ಬರಿ ಚೀಲಗಳನ್ನು ಟೆಂಪೋಗೆ ಹೇರುವಾಗ ಅದೂ ಹೇರಿಸಿಕೊಂಡು ತಿಪಟೂರು ಮಾರುಕಟ್ಟೆಗೆ ಹೋಯಿತು! ಕೊಳ್ಳುವವನು ಮಾಲು ನೋಡಲು ಚೀಲಕ್ಕೆ ಕೈ ಹಾಕಿದರೆ ಹೊರಗೆ ಬಂದದ್ದು ಮುಖಪುಟದ ಮೇಲಿನ ಮೂರು ಕಣ್ಣಿನ ಹಸಿರು ಮುಖ. "ಯಜಮಾನ್ರೇ, ಇದು ಯಾವ ತಳಿ?" ಅಂದ. ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮಾವ ಚೀಲವನ್ನು ನೆಲಕ್ಕೆ ಸುರಿದು, ಒಂದೇ ಒಂದು ಪುಸ್ತಕ ಹುಡುಕಿ, ಪಂಚೆಯಲ್ಲಿ ಒರೆಸಿ ಎದೆಗೊತ್ತಿಕೊಂಡರು. ಉಳಿದವನ್ನು ಆಯ್ದುಕೊಂಡು ಬಂದದ್ದು ನಾನು. "ಇದು ಮೇಷ್ಟ್ರು ಓದ್ಬೇಕಾದ್ದು" ಅಂದರು ಮಾವ. ನಗುತ್ತಿದ್ದ ನನಗೆ ಯಾಕೋ ನಗು ನಿಂತಿತು.

ಮೊನ್ನೆ ಅತ್ತೆ ಕಾಫಿ ಲೋಟ ಕೈಗಿಡುತ್ತಾ ಸುದ್ದಿ ಹೇಳಿದರು: "ಏನ್ರೀ, ನಿಮ್ಮ ಮೇಷ್ಟ್ರಿಗೆ ಕಣ್ಣು ಪೂರ್ತಿ ಮಂಜಾಗೈತಂತೆ. ಅಕ್ಷರ ಒಂದೂ ಕಾಣ್ಸಲ್ವಂತೆ, ಡಾಕ್ಟ್ರು ಕೈ ಚೆಲ್ಲವ್ರಂತೆ."

ಮಾವ ಲೋಟ ಹಾಗೇ ಕೆಳಗಿಟ್ಟರು. ಅಂಗಳಕ್ಕೆ ಹೋದರು, ಬಂದರು, ಮತ್ತೆ ಹೋದರು.

"ಕಾಲು ಸುಟ್ಟ ಬೆಕ್ಕಿನ ಹಂಗೆ ಓಡಾಡಿದ್ದು ಸಾಕು. ಹೋಗಿ ತಪ್ಪಾಯ್ತು ಅನ್ನಿ" ಅಂದರು ಅತ್ತೆ.

ಕೆಂಕೆರೆಗೆ ನನ್ನ ಸ್ಕೂಟರಿನಲ್ಲಿ ಹೋದೆವು. ಚೀಲ ತಬ್ಬಿಕೊಂಡು ಹಿಂದೆ ಕೂತ ಮಾವ ದಾರಿಯುದ್ದಕ್ಕೂ ಮಿಸುಕಾಡಿದ್ದೇ ಮಿಸುಕಾಡಿದ್ದು! ಎರಡು ಸಲ ಗಾಡಿ ವಾಲಿತು. ಒಂದು ಸಲವಂತೂ "ವಾಪಸ್ ಹೋಗಾನ ನಡಿ" ಅಂದರು. ನಾನು ಕೇಳಿಸದವಳಂತೆ ಓಡಿಸಿದೆ.

ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು. ಹೆಜ್ಜೆಯ ಸದ್ದಿಗೆ ಮುಖ ಎತ್ತಿ, "ಯಾರು?" ಅಂದರು.

"ನಾನು ಮೇಷ್ಟ್ರೇ."

"ಬಾಯಿಬಡುಕ ಬಂದ್ಯಾ?"

"ತಪ್ಪಾಯ್ತು ಮೇಷ್ಟ್ರೇ."

"ಹದಿನಾಲ್ಕು ವರ್ಷ ಬೇಕಾಯ್ತೇನಯ್ಯಾ ಇಷ್ಟು ಹೇಳಕ್ಕೆ?" ಅಂದವರು ನನ್ನ ಕಡೆ ತಿರುಗಿ, ಒಳಗಿನ ಬೀರುವಿನ ಮೇಲಿನ ಖಾನೆಯಲ್ಲಿ ಒಂದು ಪೊಟ್ಟಣವಿದೆ, ತಾ ಮಗು ಅಂದರು. ತಂದುಕೊಟ್ಟೆ. ಅಂಗಡಿಯವನು ಸುತ್ತಿಕೊಟ್ಟ ಪೇಪರು ಹಳದಿಯಾಗಿತ್ತು. ಕಟ್ಟಿದ ದಾರವನ್ನು ಯಾರೂ ಬಿಚ್ಚಿಯೇ ಇರಲಿಲ್ಲ.

"ಮೇಷ್ಟ್ರೇ, ನೀವು ಓದೇ ಇಲ್ವಾ?" ಅಂದರು ಮಾವ.

"ಮೊದಲ ಭಾಗ ಓದದೆ ಎರಡನೇದು ಓದೋಕೆ ನಾನೇನು ನಿನ್ನಂಥ ಆತುರಗಾರನಾ? ನೀನು ಇವತ್ತು ತರ್ತೀಯ, ನಾಳೆ ತರ್ತೀಯ ಅಂತ ಇಟ್ಕೊಂಡಿದ್ದೆ. ಈಗ ಇಟ್ಕೊಂಡು ನಾನೇನು ಮಾಡ್ಲಿ? ತಗೊಂಡು ಹೋಗು. ಅಡುಗೆಯವನು ಏನಾದ ಅಂತ ನೀನಾದ್ರೂ ನೋಡ್ಕೋ."

ಮಾವ ಪೊಟ್ಟಣ ಕೈಗೆ ತೆಗೆದುಕೊಂಡರು. ಹದಿನಾಲ್ಕು ವರ್ಷ ಅವರ ನಿದ್ದೆ ಕೆಡಿಸಿದ ಉತ್ತರ ಆ ಪೊಟ್ಟಣದೊಳಗಿತ್ತು. ದಾರ ಕಿತ್ತೆಸೆದು ನೇರ ಕೊನೆಯ ಪುಟಕ್ಕೆ ಹಾರುತ್ತಾರೆ ಅಂತ ನಾನು ಕಾದೆ. ಹಾರಲಿಲ್ಲ. ಪೊಟ್ಟಣವನ್ನು ಹಾಗೇ ಮೇಷ್ಟ್ರ ತೊಡೆಯ ಮೇಲಿಟ್ಟರು. ಚೀಲದಿಂದ ತಮ್ಮ ಮೊದಲ ಭಾಗ ತೆಗೆದು, ಮೇಷ್ಟ್ರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಕನ್ನಡಕ ಏರಿಸಿ, ಮೊದಲ ಪುಟದ ಮೊದಲ ಸಾಲಿನಿಂದ ಗಟ್ಟಿಯಾಗಿ ಓದಲು ಶುರುಮಾಡಿದರು. ಒಂದು ಸಾಲು ಇಂಗ್ಲಿಷು, ಆಮೇಲೆ ಅದರ ಅರ್ಥ ನಮ್ಮ ಮಾತಿನಲ್ಲಿ. ನನಗೆ ಕಣ್ಣು ತುಂಬಿ ಬಂತು. ಬೀದಿಯ ಕಡೆ ತಿರುಗಿ ಕೂತೆ.

ನಾಲ್ಕನೇ ಪುಟದಲ್ಲಿ ಅಡುಗೆಯವನು ಬಂದ. ಮೇಷ್ಟ್ರು ಕೈ ಎತ್ತಿ ತಡೆದರು.

"ಇವನನ್ನೇನಯ್ಯಾ ಬಿಟ್ಟು ಹೋಗೋದು?"

ಮಾವ ಪುಟ ತಿರುಗಿಸುತ್ತಾ ಅಂದರು:

"ಗೊತ್ತಿಲ್ಲ ಮೇಷ್ಟ್ರೇ. ಮುಂದೆ ನೋಡಾನ."